ದೆರೂತಾ ತಟ್ಟೆಯ ಹುರುಪೆ ಅಂಚು: ಮಾಯೋಲಿಕಾ ಚಿತ್ತಾರವನ್ನು ಮೊದಲಿಂದ ಕೊನೆಯವರೆಗೆ ಬರೆಯುವ ಬಗೆ

ಇಟಲಿಯ ಚಿತ್ತಾರದ ತಟ್ಟೆ ನೋಡಿದವರು ಮೊದಲು ಕೇಳುವುದು ಬಣ್ಣದ ಬಗ್ಗೆ. ನಿಜವಾದ ಕಷ್ಟ ಇರುವುದು ಬಣ್ಣ ಕೂರುವ ನೆಲದಲ್ಲಿ. ಮಾಯೋಲಿಕಾ ಎಂದರೆ ತವರ ಬೆರೆತ ಬಿಳಿ ಗ್ಲೇಜು, ಅಂದರೆ ಸುಟ್ಟಾಗ ಗಾಜಿನಂತೆ ಕರಗಿ ಅಂಟುವ ಲೇಪ, ಹಚ್ಚಿದ ಇಟಲಿಯ ಮಣ್ಣಿನ ಪಾತ್ರೆ. ಇದರಲ್ಲಿ ಚಿತ್ರ ಬರೆಯುವುದು ಇನ್ನೂ ಸುಡದ ಆ ಬಿಳಿ ಗ್ಲೇಜಿನ ಮೇಲೆ. ಆ ಹಂತದಲ್ಲಿ ಅದು ಒಣಗಿದ ಪುಡಿಯ ಪದರ, ಅಷ್ಟೆ. ಕುಂಚ ತಾಗಿದ ಕ್ಷಣಕ್ಕೇ ನೀರನ್ನೆಲ್ಲ ಹೀರಿ ಬಣ್ಣವನ್ನು ಅಲ್ಲೇ ಹಿಡಿದುಬಿಡುತ್ತದೆ. ಒರೆಸಲು ಹೋದರೆ ಬಣ್ಣದ ಜತೆ ಬಿಳಿಯೂ ಕಿತ್ತು ಬರುತ್ತದೆ. ಹಾಗಾಗಿ ಕುಂಚ ಹಿಡಿಯುವ ಮೊದಲಿನ ಕೆಲಸವೆಲ್ಲ, ಅಂದರೆ ಮಣ್ಣು, ಮೊದಲ ಸುಡುವಿಕೆ, ಗ್ಲೇಜಿನ ದಪ್ಪ, ಬಣ್ಣಕ್ಕೆ ಬೆರೆಸುವ ನೀರು, ಇವೆಲ್ಲ ನಡೆಯುವುದು ಒಂದೇ ಸಲಕ್ಕೆ ಗೆರೆ ಸರಿಯಾಗಿ ಬೀಳಲಿ ಎಂದು. ಚಿತ್ರಕಲೆ ಚೆನ್ನಾಗಿ ಬರುವವರೂ ಇಲ್ಲಿ ಎಡವುವುದು ಈ ತಯಾರಿಯಲ್ಲೇ.

ಕೆಳಗಿನ ಕ್ರಮ 25 ಸೆಂ.ಮೀ. ಅಗಲದ ಒಂದು ತಟ್ಟೆಗೆ. ವಿದ್ಯುತ್ ಕಿಲ್ನ್ (ಮಡಕೆ ಸುಡುವ ಕುಲುಮೆ) ಇರುವ, ಅಥವಾ ಯಾರದಾದರೂ ಸ್ಟುಡಿಯೋದಲ್ಲಿ ಸುಡಿಸಿಕೊಳ್ಳಬಲ್ಲ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಯಾವ ಚಿತ್ತಾರ, ಏಕೆ

ದೆರೂತಾ ಉಂಬ್ರಿಯಾ ಪ್ರಾಂತ್ಯದ ಊರು, ಪೆರೂಜಾ ನಗರದ ದಕ್ಷಿಣಕ್ಕಿದೆ. 16ನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಸುಮಾರು 40 ಸೆಂ.ಮೀ. ಅಗಲದ ದೊಡ್ಡ ತಟ್ಟೆಗಳು ತಯಾರಾಗುತ್ತಿದ್ದವು. ಊಟಕ್ಕಲ್ಲ, ಗೋಡೆಗೆ ತೂಗುಹಾಕಲು. ನಡುವೆ ಒಬ್ಬ ಹೆಣ್ಣಿನ ಪಕ್ಕನೋಟದ ಮುಖ, ಅದರ ಬದಿಯಲ್ಲಿ ಬರಹ ತುಂಬಿದ ಸುರುಳಿ ಪಟ್ಟಿ, ಸುತ್ತಲಿನ ಅಂಚನ್ನು ಮನೆಗಳಾಗಿ ಹಂಚಿ ಒಂದು ಬಿಟ್ಟು ಒಂದರಲ್ಲಿ ಮೀನಿನ ಹುರುಪೆ, ಮತ್ತೊಂದರಲ್ಲಿ ಎಲೆಬಳ್ಳಿ. ತೂಗುಹಾಕುವ ದಾರಕ್ಕಾಗಿ ಪಾದದ ಉಂಗುರದಲ್ಲಿ ಸುಡುವ ಮೊದಲೇ ತೂತು ಕೊರೆಯುತ್ತಿದ್ದರು. ತವರ ದುಬಾರಿಯಾದ್ದರಿಂದ ತವರದ ಬಿಳಿ ಗ್ಲೇಜು ಎದುರಿಗೆ ಮಾತ್ರ. ಹಿಂಬದಿಗೆ ಅಗ್ಗದ ಸೀಸದ ಗ್ಲೇಜು ಸಾಕಾಗುತ್ತಿತ್ತು.

ಮೊದಲ ತಟ್ಟೆಗೆ ಈ ಹುರುಪೆ ಅಂಚೇ ಒಳ್ಳೆಯದು. ಒಂದೇ ಗೆರೆಯನ್ನು ನೂರಾರು ಸಲ ಬರೆಯುವುದರಿಂದ ಕೈ ಪಳಗುತ್ತದೆ, ನಡುವೆ ಹತ್ತು ಹುರುಪೆ ಸೊಟ್ಟಗಾದರೂ ಗುಂಪಿನಲ್ಲಿ ಮರೆಯಾಗುತ್ತವೆ.

ಅಂಗಡಿಗಳಲ್ಲಿ ಹೆಚ್ಚು ಕಾಣುವ ರಫಾಯೆಲ್ಲೆಸ್ಕೊ ಚಿತ್ತಾರಕ್ಕೆ ಮೊದಲಿಗೇ ಕೈ ಹಾಕಬೇಡಿ. ರೆಕ್ಕೆಯ ಡ್ರ್ಯಾಗನ್, ಸುರುಳಿ ಬಾಲ, ಮುಖವಾಡ ಇವೆಲ್ಲ ಇರುವ ಮಾದರಿ ಅದು. ರೋಮ್‌ನಲ್ಲಿ ನೀರೋ ಚಕ್ರವರ್ತಿಯ ಹೂತುಹೋಗಿದ್ದ ಅರಮನೆಯ ಗೋಡೆಚಿತ್ರಗಳು 15ನೇ ಶತಮಾನದ ಕೊನೆಗೆ ಬೆಳಕಿಗೆ ಬಂದವು. ಅವುಗಳ ಧಾಟಿಯಲ್ಲಿ ಚಿತ್ರಕಾರ ರಫಾಯೆಲ್ ಮತ್ತು ಅವನ ಶಿಷ್ಯರು ವ್ಯಾಟಿಕನ್ನಿನ ಮೊಗಸಾಲೆಯನ್ನು ಅಲಂಕರಿಸಿದರು. ಅಲ್ಲಿಂದ ಉರ್ಬಿನೊದ ಕುಂಬಾರರು ಅದನ್ನು ತಟ್ಟೆಗೆ ಇಳಿಸಿದರು. ಡ್ರ್ಯಾಗನ್ನಿನ ಕತ್ತಿನ ತಿರುವಿನಲ್ಲಿ ಗೆರೆ ಒಮ್ಮೆ ತಡವರಿಸಿದರೂ ಇಡೀ ಪ್ರಾಣಿ ಸತ್ತಂತೆ ಕಾಣುತ್ತದೆ.

ಫಾಯೆನ್ಜಾದ ಗರೋಫಾನೊ, ಅಂದರೆ ಕಾರ್ನೇಷನ್ ಹೂವಿನ ಮಾದರಿ, 18ನೇ ಶತಮಾನದಲ್ಲಿ ಚೀನೀ ಪಿಂಗಾಣಿಯ ಪ್ರಭಾವದಿಂದ ಬಂದದ್ದು. ನೋಡಲು ಸರಳ, ಕೆಲವೇ ಗೆರೆ. ಆದರೆ ಪ್ರತಿ ಎಸಳೂ ಒಂದೇ ಬೀಸಿನಲ್ಲಿ ಬರಬೇಕು, ಹಾಗಾಗಿ ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಅದೇ ಊರಿನ 16ನೇ ಶತಮಾನದ ಬಿಳಿ ತಟ್ಟೆಗಳಲ್ಲಿ ನೀಲಿ, ಹಳದಿಯ ನಾಲ್ಕಾರು ಗೆರೆಗಳಷ್ಟೇ ಇದ್ದು ಉಳಿದದ್ದೆಲ್ಲ ಖಾಲಿ. ಬಿಳಿಯಲ್ಲಿ ಒಂದು ಸೂಜಿತೂತು ಬಿದ್ದರೂ ಮುಚ್ಚಲು ಅಲ್ಲಿ ಏನೂ ಇಲ್ಲ. ಹಸಿರು, ಕಂದು ಎರಡೇ ಬಣ್ಣದಲ್ಲಿ ಕೆಲಸ ಮಾಡುವ ಆಸೆಯಿದ್ದರೆ ಒರ್ವಿಯೆತೊದ ಮಧ್ಯಯುಗದ ಪಾತ್ರೆಗಳ ಹಕ್ಕಿ, ಎಲೆಗಳನ್ನು ನೋಡಿ; ತಾಮ್ರದ ಹಸಿರು, ಮ್ಯಾಂಗನೀಸಿನ ಕಂದು ಅಷ್ಟರಲ್ಲೇ ಮುಗಿಸಿದ್ದಾರೆ. ಸಿಸಿಲಿಯ ಕಾಲ್ತಜಿರೋನೆಯದು ಹೆಂಚಿನ ಕೆಲಸ. ಅಲ್ಲಿನ 142 ಮೆಟ್ಟಿಲಿನ ದೊಡ್ಡ ಸೋಪಾನದ ಎದುರುಮುಖಗಳಿಗೆ ಬಣ್ಣದ ಹೆಂಚು ಕೂರಿಸಿದ್ದು 1954ರಲ್ಲಿ. ಚೌಕ ಹೆಂಚಿನ ಮೇಲೆ ಅಭ್ಯಾಸ ಮಾಡಬಯಸುವವರಿಗೆ ಅವು ಒಳ್ಳೆಯ ಮಾದರಿ.

ಮಣ್ಣು ಮತ್ತು ಮೊದಲ ಸುಡುವಿಕೆ

ಇಟಲಿಯ ಮಾಯೋಲಿಕಾ ಮಣ್ಣಿನಲ್ಲಿ ಸುಣ್ಣದಂಶ ಧಾರಾಳ. ಸುಣ್ಣವಿರುವ ಮಣ್ಣು ಸುಟ್ಟ ಮೇಲೆ ತಣಿಯುವಾಗ ಸಾಕಷ್ಟು ಕುಗ್ಗುತ್ತದೆ, ಮೇಲಿನ ಗ್ಲೇಜನ್ನು ಒತ್ತಿ ಹಿಡಿಯುತ್ತದೆ. ಸುಣ್ಣವಿಲ್ಲದ ಕೆಂಪು ಮಣ್ಣು ಅಷ್ಟು ಕುಗ್ಗುವುದಿಲ್ಲ. ಆಗ ಗ್ಲೇಜು ಎಳೆದಂತಾಗಿ ಕೂದಲೆಳೆಯ ಬಿರುಕು ಬಿಡುತ್ತದೆ, ಕೆಲವೊಮ್ಮೆ ಕಿಲ್ನಿನಿಂದ ತೆಗೆದು ವಾರಗಳಾದ ಮೇಲೆ.

ನಿಮ್ಮ ಕೈಯಲ್ಲಿರುವುದು ಎಂಥ ಮಣ್ಣು ಎಂದು ತಿಳಿಯಲು ಒಣಗಿದ ಉಂಡೆಯ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ನೊರೆಯೆದ್ದರೆ ಸುಣ್ಣವಿದೆ. ಏಳದಿದ್ದರೆ 100 ಮೆಶ್ (ಅಂಗುಲಕ್ಕೆ 100 ಕಣ್ಣಿನ) ಜರಡಿಯಲ್ಲಿ ಶೋಧಿಸಿದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಒಣಮಣ್ಣಿನ ತೂಕಕ್ಕೆ ಶೇ. 15ರಷ್ಟು ಸೇರಿಸಿ ಒಂದು ಪರೀಕ್ಷೆ ಮಾಡಿ. ಶೋಧಿಸದೆ ಹಾಕಿದರೆ ಕಾಳುಕಾಳಾಗಿ ಉಳಿದ ಸುಣ್ಣ ಸುಟ್ಟ ನಂತರ ಗಾಳಿಯ ತೇವ ಕುಡಿದು ಉಬ್ಬುತ್ತದೆ, ತಟ್ಟೆಯ ಮೈಯಿಂದ ಚಕ್ಕೆ ಹಾರುತ್ತದೆ. ಇಷ್ಟೆಲ್ಲ ರಗಳೆ ಬೇಡವೆಂದರೆ 1060 ಡಿಗ್ರಿಗೆ ಹೊಂದುವ, ಕಡಿಮೆ ಶಾಖದ ಸಿದ್ಧ ಮಣ್ಣನ್ನೇ ಕೊಳ್ಳಿ.

ತಟ್ಟೆಯನ್ನು ತಿಗರಿಯ ಮೇಲಾದರೂ ಮಾಡಿ, ಪ್ಲಾಸ್ಟರ್ ಅಚ್ಚಿನಲ್ಲಾದರೂ ಒತ್ತಿ. ಅಂಚು ಅಗಲವಾಗಿ, ಚಪ್ಪಟೆಯಾಗಿರಲಿ. ಈ ಚಿತ್ತಾರಕ್ಕೆ ಸುಟ್ಟ ಮೇಲೆ ಕನಿಷ್ಠ 5.5 ಸೆಂ.ಮೀ. ಅಂಚು ಬೇಕು. ಮಣ್ಣು ಒಣಗಿ ಸುಡುವಾಗ ಶೇ. 8ರಿಂದ 10ರವರೆಗೆ ಕುಗ್ಗುವುದರಿಂದ, 25 ಸೆಂ.ಮೀ. ಬೇಕಿದ್ದರೆ ಹಸಿಯಲ್ಲಿ 27.5ರಷ್ಟಿರಬೇಕು. ತೂಗುಹಾಕುವ ತಟ್ಟೆಯಾದರೆ ತೊಗಲಿನಷ್ಟು ಗಟ್ಟಿಯಾದಾಗ ಪಾದದ ಉಂಗುರದಲ್ಲಿ 4 ಮಿ.ಮೀ.ನ ಎರಡು ತೂತು ಕೊರೆಯಿರಿ.

ಪೂರ್ತಿ ಒಣಗಿದ ಮೇಲೆ ಮೊದಲ ಸುಡುವಿಕೆ 1060 ಡಿಗ್ರಿ ಸೆಲ್ಸಿಯಸ್‌ಗೆ. ಎರಡನೆಯದು, ಗ್ಲೇಜಿನದು, ಇದಕ್ಕಿಂತ ಸ್ವಲ್ಪ ಕಡಿಮೆಗೆ. ಹೀಗೇಕೆಂದರೆ ಮಣ್ಣಿನೊಳಗಿನ ಗಾಳಿಯಂಶವೆಲ್ಲ ಮೊದಲ ಸಲವೇ ಹೊರಬಿದ್ದಿರಬೇಕು. ಮೊದಲನೆಯದನ್ನು 900ಕ್ಕೆ ನಿಲ್ಲಿಸಿ ವಿದ್ಯುತ್ ಉಳಿಸಿದವರ ತಟ್ಟೆಯಲ್ಲಿ, ಎರಡನೆಯ ಸಲ ಆ ಗಾಳಿ ಕರಗಿದ ಗ್ಲೇಜನ್ನು ತೂರಿಕೊಂಡು ಬಂದು ಸೂಜಿತೂತು ಬಿಟ್ಟು ಹೋಗುತ್ತದೆ.

ಬಿಳಿ ಗ್ಲೇಜ್

ಹಳೆಯ ಕಾಲದಲ್ಲಿ ಸೀಸವನ್ನೂ ತವರವನ್ನೂ ಒಟ್ಟಿಗೆ ಹುರಿದು ಬೂದಿ ಮಾಡಿ, ಮರಳು ಮತ್ತು ವೈನ್ ಗಷ್ಟಿನ ಕ್ಷಾರ ಸೇರಿಸಿ ಕರಗಿಸಿ ಅರೆಯುತ್ತಿದ್ದರು. ಸೀಸವನ್ನು ಇಂದು ಯಾರೂ ಮನೆಯಲ್ಲಿ ಮುಟ್ಟಬಾರದು. ಸೀಸವಿಲ್ಲದ ಈ ಮಿಶ್ರಣದಿಂದ ಶುರು ಮಾಡಬಹುದು, ತೂಕದ ಲೆಕ್ಕದಲ್ಲಿ:

ಸೀಸರಹಿತ ಬೋರಾನ್ ಫ್ರಿಟ್ (ಕರಗಿಸಿ ಅರೆದ ಗಾಜಿನ ಪುಡಿ) 65
ಫೆಲ್ಡ್‌ಸ್ಪಾರ್ 23
ಕೇಯೋಲಿನ್ 12
ಇವಕ್ಕೆ ಮೇಲಿಂದ: ತವರದ ಆಕ್ಸೈಡ್ 5, ಜಿರ್ಕೋನಿಯಂ ಸಿಲಿಕೇಟ್ 8, ಬೆಂಟೊನೈಟ್ 2

ಇದು ಸುಮಾರು 1040 ಡಿಗ್ರಿಗೆ ಕರಗುತ್ತದೆ. ಫ್ರಿಟ್ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಬದಲಾಗುವುದರಿಂದ ತಟ್ಟೆಗೆ ಹಾಕುವ ಮುನ್ನ ಎರಡು ಹೆಂಚುಚೂರಿನ ಮೇಲೆ ಸುಟ್ಟು ನೋಡಲೇಬೇಕು. ಜಿರ್ಕೋನಿಯಂ ಒಂದರಿಂದಲೇ ಬಿಳಿ ತರಬಹುದು, ಅಗ್ಗವೂ ಹೌದು, ಆದರೆ ಆ ಬಿಳಿ ಗಡುಸು. ತವರ ಸ್ವಲ್ಪವಾದರೂ ಇದ್ದರೆ ಕೋಬಾಲ್ಟಿನ ನೀಲಿ ಮೃದುವಾಗಿ ಕೂರುತ್ತದೆ. ಸಿದ್ಧ ಗ್ಲೇಜ್ ಪುಡಿ ತಂದಿದ್ದರೆ ಅದರ ಪೊಟ್ಟಣದ ಮೇಲಿನ ಉಷ್ಣತೆಯನ್ನೇ ಅನುಸರಿಸಿ. ಇಟಲಿಯ ಪುಡಿಗಳಲ್ಲಿ ಹಲವು 920ರಿಂದ 980ರೊಳಗೇ ಕರಗುವಂಥವು, ಅವನ್ನು 1040ಕ್ಕೆ ಒಯ್ದರೆ ಚಿತ್ತಾರವೆಲ್ಲ ತಟ್ಟೆಯ ನಡುವಿಗೆ ಇಳಿದು ನಿಂತಿರುತ್ತದೆ.

ಒಂದು ಕಿಲೋ ಪುಡಿಗೆ 900 ಮಿ.ಲೀ. ನೀರು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ರಾತ್ರಿಯಿಡೀ ನೆನೆಸಿ, 80 ಮೆಶ್ ಜರಡಿಯಲ್ಲಿ ಎರಡು ಸಲ ಶೋಧಿಸಿ. 100 ಮಿ.ಲೀ. ದ್ರವ ತೂಗಿದರೆ 145ರಿಂದ 150 ಗ್ರಾಂ ಬರಬೇಕು. ಒಂದು ಕಿಲೋ ಪುಡಿಗೆ 2 ಗ್ರಾಂ ಸಿಎಂಸಿ (ಸೆಲ್ಯುಲೋಸಿನಿಂದ ಮಾಡಿದ) ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಒಣಗಿದ ಪದರ ಇದರಿಂದ ಸ್ವಲ್ಪ ಗಟ್ಟಿಯಾಗುತ್ತದೆ, ಕುಂಚ ಎಳೆಯುವಾಗ ಪುಡಿ ಏಳುವುದಿಲ್ಲ. ಹೆಚ್ಚು ಹಾಕಿದರೆ ಮೇಲ್ಮೈ ನೀರು ಹೀರುವುದೇ ನಿಂತು ಬಣ್ಣ ಹರಿದಾಡುತ್ತದೆ.

ತಟ್ಟೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ ದೂಳು ತೆಗೆದು ಒಂದು ಗಂಟೆ ಆರಲು ಬಿಡಿ. ಅದಾದ ಮೇಲೆ ಬರಿಗೈಯಲ್ಲಿ ಮುಖ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಗ್ಲೇಜು ಕರಗುವಾಗ ಹಿಂದೆ ಸರಿದು ಮಣ್ಣು ಕಾಣುತ್ತದೆ. ಅಗಲವಾದ ಬೇಸಿನ್‌ನಲ್ಲಿ ಗ್ಲೇಜು ತುಂಬಿಸಿ, ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಓರೆಯಾಗಿ ಇಳಿಸಿ, ಎರಡರಿಂದ ಮೂರು ಸೆಕೆಂಡಿಗೆ ಎತ್ತಿ, ಅಂಚಿನಿಂದ ಹನಿ ಇಳಿಯುವವರೆಗೆ ನೆಟ್ಟಗೆ ಹಿಡಿಯಿರಿ. ಒಣಗಿದ ಮೇಲೆ ಕಾಣದ ಕಡೆ ಸೂಜಿ ಚುಚ್ಚಿ ದಪ್ಪ ನೋಡಿ. 0.7 ಮಿ.ಮೀ. ಸುತ್ತಮುತ್ತ ಇರಬೇಕು, ಅಂದರೆ ಹೆಚ್ಚುಕಡಿಮೆ ಎಟಿಎಂ ಕಾರ್ಡಿನ ದಪ್ಪ. ಕಡಿಮೆಯಾದರೆ ಕೆಂಪು ಮಣ್ಣು ಇಣುಕುತ್ತದೆ, ಕುಂಚದ ಬಣ್ಣವೂ ಮಂಕಾಗುತ್ತದೆ. ಒಂದು ಮಿ.ಮೀ. ದಾಟಿದರೆ ಒಣಗುವಾಗಲೇ ಸೀಳು ಬಿಡುತ್ತದೆ. ಹಾಗೆ ಸೀಳಿದ್ದನ್ನು ಸುಟ್ಟರೆ ಗ್ಲೇಜು ಮುದ್ದೆ ಕಟ್ಟುವುದು ಖಂಡಿತ. ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಅದ್ದಿ.

ಮೇಲ್ಮೈಯಲ್ಲಿ ಸಣ್ಣ ಗುಳಿ, ಇಕ್ಕಳದ ಗುರುತು ಇದ್ದರೆ ಒಣ ಬೆರಳಿನಿಂದ ಮೆಲ್ಲಗೆ ತೀಡಿ ಮುಚ್ಚಿ. ಏಳುವ ಪುಡಿಯನ್ನು ಬಾಯಿಂದ ಊದಬೇಡಿ. ಸಿಲಿಕಾ ಇರುವ ದೂಳು ಅದು, ಮುಖಕ್ಕೆ ಎನ್95 ಮಾಸ್ಕ್ ಇರಲಿ, ಮೇಜನ್ನು ಒದ್ದೆ ಬಟ್ಟೆಯಿಂದಲೇ ಒರೆಸಿ. ಪಾದದ ಉಂಗುರಕ್ಕೆ ಅಂಟಿದ ಗ್ಲೇಜನ್ನು ಈಗಲೇ ಸ್ಪಂಜಿನಿಂದ ತೆಗೆದುಬಿಡಿ.

ನಕ್ಷೆ: ಚುಚ್ಚಿದ ಕಾಗದ, ಇದ್ದಿಲ ಪುಡಿ

ಇಟಲಿಯ ಕಾರ್ಯಾಗಾರಗಳಲ್ಲಿ ಇವತ್ತಿಗೂ ನಕ್ಷೆ ತಟ್ಟೆಗೆ ಇಳಿಯುವುದು ಸ್ಪೋಲ್ವೆರೊ ವಿಧಾನದಲ್ಲಿ. ನಮ್ಮ ಹಬ್ಬದ ಅಂಗಡಿಗಳಲ್ಲಿ ಸಿಗುವ ತೂತಿನ ರಂಗೋಲಿ ಅಚ್ಚಿನ ಹಾಗೆಯೇ ಇದು, ತೂತುಗಳು ಮಾತ್ರ ಸೂಜಿಮೊನೆಯಷ್ಟು ಸಣ್ಣವು.

ಅಳತೆಯನ್ನು ಸುಟ್ಟ ತಟ್ಟೆಯಿಂದಲೇ ತೆಗೆಯಿರಿ, ಅಚ್ಚಿನಿಂದಲ್ಲ. ಟ್ರೇಸಿಂಗ್ ಕಾಗದದ ಮೇಲೆ ಒಂದೇ ಕೇಂದ್ರದಿಂದ ಈ ವೃತ್ತಗಳನ್ನು ಎಳೆಯಿರಿ: ತ್ರಿಜ್ಯ 12.3, 11.8, 7.5 ಮತ್ತು 7 ಸೆಂ.ಮೀ. ಮೊದಲೆರಡರ ನಡುವೆ ಹೊರಪಟ್ಟಿ, ಕೊನೆಯೆರಡರ ನಡುವೆ ಒಳಪಟ್ಟಿ, ಮಧ್ಯದ 4.3 ಸೆಂ.ಮೀ. ಚಿತ್ತಾರದ ಜಾಗ. ಇದನ್ನು 45 ಡಿಗ್ರಿಯ 8 ಮನೆಗಳಾಗಿ ಹಂಚಿ, ಮನೆಮನೆಗಳ ನಡುವೆ 6 ಮಿ.ಮೀ. ಅಗಲದ ಅಡ್ಡಪಟ್ಟಿ ಬಿಡಿ. ಕಾಗದವನ್ನು ಮೂರು ಸಲ ಮಡಚಿದರೆ ಎಂಟು ಭಾಗ ತಾನಾಗಿ ಬರುತ್ತದೆ, ಕೋನಮಾಪಕ ಬೇಡ.

ಹುರುಪೆ ಮನೆಯ ಲೆಕ್ಕ ಹೀಗೆ. ಹೊರ ಅಂಚಿನಲ್ಲಿ ಮನೆಯ ಅಗಲ ಸುಮಾರು 8.7 ಸೆಂ.ಮೀ., ಒಳ ಅಂಚಿನಲ್ಲಿ 5.3. ಎಲ್ಲ ಸಾಲಿನಲ್ಲೂ 7 ಹುರುಪೆಯೇ ಇರಲಿ. ಹೊರಗಿನವು 12 ಮಿ.ಮೀ.ನಷ್ಟು ಅಗಲ, ಒಳಗಿನವು 7.5ರಷ್ಟು; ಎತ್ತರವೂ 9ರಿಂದ 6 ಮಿ.ಮೀ.ಗೆ ಇಳಿಯುತ್ತ ಬರಲಿ. ಒಟ್ಟು 6 ಸಾಲು. ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಹುರುಪೆಯಷ್ಟು ಸರಿಸಬೇಕು, ಅಂಥ ಸಾಲಿನ ಎರಡೂ ತುದಿಗೆ ಅರ್ಧರ್ಧ ಹುರುಪೆ ಬೀಳುತ್ತದೆ. ಹೊಸಬರು ಹುರುಪೆಯ ಅಳತೆಯನ್ನು ಒಂದೇ ಇಟ್ಟು ಒಳಸಾಲುಗಳಲ್ಲಿ ಎಣಿಕೆ ಇಳಿಸುತ್ತಾರೆ. ಆಗ ಮೇಲಿನ ಎರಡರ ಸಂದಿಗೆ ಕೆಳಗಿನದು ಕೂರುವುದೇ ಇಲ್ಲ, ಮೂರನೆಯ ಸಾಲಿಗೆ ನಕ್ಷೆ ದಾರಿ ತಪ್ಪಿರುತ್ತದೆ.

ಎಲೆ ಮನೆಗೆ ನಡುವೆ ಒಂದು ಬಾಗಿದ ಬಳ್ಳಿ, ಅದರಿಂದ ಎಡಕ್ಕೆ ಎರಡು, ಬಲಕ್ಕೆ ಎರಡು ಎಲೆ, ತುದಿಗೊಂದು ಮೊಗ್ಗು ಸಾಕು. ತಟ್ಟೆಯ ನಡುವೆ 3 ಸೆಂ.ಮೀ. ತ್ರಿಜ್ಯದ ಎಂಟೆಸಳಿನ ಹೂವು ಬರೆದು ಸುತ್ತಲೂ ಬಿಳಿ ಬಿಡಿ.

ಒಂದು ಹುರುಪೆ ಮನೆ, ಒಂದು ಎಲೆ ಮನೆ, ನಡುವಿನ ಹೂವು, ಇಷ್ಟನ್ನೇ ಬೇರೆ ಬೇರೆ ಕಾಗದಕ್ಕೆ ಇಳಿಸಿ. ಕಾಗದವನ್ನು ದಪ್ಪ ಬಟ್ಟೆಯ ಮೇಲಿಟ್ಟು ಸಣ್ಣ ಹೊಲಿಗೆ ಸೂಜಿಯಿಂದ ಗೆರೆಯುದ್ದಕ್ಕೂ 2 ಮಿ.ಮೀ.ಗೊಂದರಂತೆ ಚುಚ್ಚಿ. ಹಿಂಬದಿಯಲ್ಲಿ ಎದ್ದ ಮುಳ್ಳುಗಳನ್ನು ನಯವಾದ ಉಪ್ಪುಕಾಗದದಿಂದ ತೀಡಬೇಕು, ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಮರದ ಇದ್ದಿಲನ್ನು ನುಣ್ಣಗೆ ಅರೆದು ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಕಾಗದವನ್ನು ಗ್ಲೇಜಿನ ಮೇಲೆ ಅಲುಗದಂತೆ ಹಿಡಿದು ಗಂಟಿನಿಂದ ತಟ್ಟಿ. ಉಜ್ಜಿದರೆ ಕಾಗದ ಜರುಗಿ ಬಿಳಿಯ ಮೇಲೆಲ್ಲ ಮಸಿಯಾಗುತ್ತದೆ. ಇದ್ದಿಲು ಸುಡುವಾಗ ಉರಿದು ಹೋಗುತ್ತದೆ, ಗುರುತು ಉಳಿಯುವುದಿಲ್ಲ. ಮನೆಯಲ್ಲಿದೆಯೆಂದು ಬಣ್ಣದ ರಂಗೋಲಿ ಪುಡಿಯನ್ನು ಬಳಸಬೇಡಿ. ಅದು ಕಲ್ಲಿನ ಪುಡಿ, ಉರಿಯುವುದಿಲ್ಲ, ಗ್ಲೇಜಿನಲ್ಲೇ ಕೂತುಬಿಡುತ್ತದೆ.

ಬಣ್ಣಗಳು

ಮಾಯೋಲಿಕಾದ ಹಳೆಯ ಬಣ್ಣಗಳು ಕೈಬೆರಳೆಣಿಕೆಯವು: ಕೋಬಾಲ್ಟ್ ನೀಲಿ, ತಾಮ್ರದ ಹಸಿರು, ಸೀಸ ಮತ್ತು ಆಂಟಿಮನಿಯ ಹಳದಿ, ಅದಕ್ಕೆ ಕಬ್ಬಿಣ ಸೇರಿಸಿದ ಕಿತ್ತಳೆ, ಮ್ಯಾಂಗನೀಸಿನ ನೇರಳೆಗಂದು. ಒಳ್ಳೆಯ ಕೆಂಪು ಅವರಿಗೆ ಸುಲಭವಾಗಿ ದಕ್ಕಲಿಲ್ಲ. ದೆರೂತಾ ಮತ್ತು ಗುಬ್ಬಿಯೊದಲ್ಲಿ ಲೋಹದ ಹೊಳಪಿನ ಗ್ಲೇಜು ಅಷ್ಟು ಬೆಳೆದದ್ದಕ್ಕೆ ಇದೂ ಒಂದು ಕಾರಣವಿರಬೇಕು; ಗುಬ್ಬಿಯೊದ ಕುಂಬಾರ ಜಾರ್ಜೊ ಆಂದ್ರೆಯೋಲಿಯ ಮಾಣಿಕ್ಯಗೆಂಪು ಹೊಳಪಿಗೆ ಬೇರೆ ಊರಿನ ತಟ್ಟೆಗಳೂ ಬಂದು ಸಾಲು ನಿಲ್ಲುತ್ತಿದ್ದವು.

ಹಳದಿಗೆ ಇಂದು ಸೀಸದ ಬದಲು ಪ್ರಾಸಿಯೋಡಿಮಿಯಂ ಸ್ಟೇನ್, ಅಂದರೆ ಮೊದಲೇ ಸುಟ್ಟು ಅರೆದ ಸಿದ್ಧ ಬಣ್ಣದ ಪುಡಿ, ಬಳಸಿ. ಸ್ಟೇನ್ ಬಣ್ಣಗಳಲ್ಲಿ ಹಲವು ತಾವಾಗಿ ಕರಗುವುದಿಲ್ಲ, ಸುಟ್ಟ ಮೇಲೆ ಒರಟಾಗಿ ಮೇಲೆಯೇ ನಿಲ್ಲುತ್ತವೆ. ಒಂದು ಚಮಚ ಸ್ಟೇನಿಗೆ ಒಂದು ಚಮಚ ಅದೇ ಫ್ರಿಟ್ ಸೇರಿಸಿ ಗಾಜಿನ ಹಲಗೆಯ ಮೇಲೆ ನೀರು ಹಾಕಿ ಅರೆದುಕೊಳ್ಳಿ. ನೀಲಿಗೆ ಕೋಬಾಲ್ಟ್ ಕಾರ್ಬೊನೇಟ್ 1 ಭಾಗ, ಫ್ರಿಟ್ 2 ಭಾಗ. ಅರೆಯದೆ ಬಳಸಿದರೆ ಸುಟ್ಟ ಮೇಲೆ ಗೆರೆಯ ನಡುವೆ ಕಡುನೀಲಿ ಚುಕ್ಕೆಗಳು ಕಾಣುತ್ತವೆ.

ನೀರಿನ ಅಳತೆ: ಗೆರೆಗೆ 5 ಗ್ರಾಂ ಬಣ್ಣಕ್ಕೆ 12 ಮಿ.ಲೀ., ನೆರಳು ತುಂಬಲು ಅದೇ 5 ಗ್ರಾಂಗೆ 40 ಮಿ.ಲೀ. ಇಲ್ಲಿಂದ ಶುರು ಮಾಡಿ ಪರೀಕ್ಷೆಯ ಹೆಂಚಿನ ಮೇಲೆ ಹೊಂದಿಸಿಕೊಳ್ಳಿ. ಬಣ್ಣ ತಳ ಹಿಡಿಯುತ್ತಲೇ ಇರುತ್ತದೆ, ಆಗಾಗ ಕಲಕಬೇಕು. ಮರೆತರೆ ಮೊದಲ ಹುರುಪೆ ತಿಳಿನೀಲಿ, ಐವತ್ತನೆಯದು ಕಪ್ಪು.

ಕುಂಚದ ಕೆಲಸ

ಎರಡು ಕುಂಚ ಬೇಕು. ಗೆರೆಗೆ ಉದ್ದ ಕೂದಲಿನ, 2 ಸೆಂ.ಮೀ.ಗಿಂತ ಕಡಿಮೆಯಿಲ್ಲದ ಲೈನರ್. ತುಂಬಲು 4ನೇ ನಂಬರಿನ ದುಂಡು ಕುಂಚ. ಗಿಡ್ಡ ಕೂದಲಿನ ಚಿತ್ರಕಲೆಯ ಕುಂಚ ಇಲ್ಲಿ ಕೆಲಸಕ್ಕೆ ಬಾರದು. ಅದರ ಹೊಟ್ಟೆಯಲ್ಲಿ ನೀರು ನಿಲ್ಲುವುದಿಲ್ಲ, ಒಂದು ಹುರುಪೆಯ ಅರ್ಧಕ್ಕೇ ಒಣಗುತ್ತದೆ. ಕೈ ಗ್ಲೇಜಿಗೆ ತಾಗದಂತೆ ತಟ್ಟೆಯ ಎರಡೂ ಬದಿಗೆ ಪುಸ್ತಕ ಜೋಡಿಸಿ ಮೇಲೊಂದು ಮರದ ಪಟ್ಟಿ ಇಟ್ಟುಕೊಳ್ಳಿ, ಮಣಿಕಟ್ಟು ಅದರ ಮೇಲಿರಲಿ.

ಮೊದಲು ಉಂಗುರಗಳು. ತಟ್ಟೆಯನ್ನು ಬ್ಯಾಂಡಿಂಗ್ ಚಕ್ರದ (ಕೈಯಿಂದ ತಿರುಗಿಸುವ ಸಣ್ಣ ತಿರುಗುಪೀಠ) ನಡುವೆ ಕೂರಿಸಿ. ತಿರುಗಿಸುತ್ತ ಒಂದು ಪೆನ್ಸಿಲ್ ಮೊನೆಯನ್ನು ಅಂಚಿನ ಹತ್ತಿರ ಹಿಡಿದರೆ ಎಷ್ಟು ಪಕ್ಕಕ್ಕಿದೆ ಎಂದು ಗೊತ್ತಾಗುತ್ತದೆ. ಚಕ್ರ ತಿರುಗಲಿ, ಕೈ ನಿಶ್ಚಲವಾಗಿರಲಿ. ತುಂಬಿದ ಕುಂಚವನ್ನು ತಿರುಗುತ್ತಿರುವ ತಟ್ಟೆಗೆ ಇಳಿಸಿ, ಸುತ್ತು ಮುಗಿದ ಮೇಲೂ ತಿರುಗುತ್ತಿರುವಾಗಲೇ ಎತ್ತಿ. ನಿಂತ ತಟ್ಟೆಗೆ ಕುಂಚ ಇಟ್ಟು ಆಮೇಲೆ ತಿರುಗಿಸಿದರೆ ಶುರುವಾದ ಜಾಗದಲ್ಲಿ ಬೊಟ್ಟು ಬೀಳುತ್ತದೆ. ನಾಲ್ಕು ವೃತ್ತ ಎಳೆದ ಮೇಲೆ ಇದ್ದಿಲ ನಕ್ಷೆ ಇಳಿಸಿ. ಕ್ರಮ ತಿರುಗಿಸಿದರೆ ಉಂಗುರ ಎಳೆಯುವಾಗ ಇದ್ದಿಲೆಲ್ಲ ಅಳಿಸಿರುತ್ತದೆ.

ಹುರುಪೆ ಬರೆಯುವಾಗಲೂ ಇದೇ ನಿಯಮ: ಕುಂಚ ಗ್ಲೇಜನ್ನು ಮುಟ್ಟುವ ಮೊದಲೇ ಚಲಿಸುತ್ತಿರಬೇಕು. ಎಡದಿಂದ ಇಳಿದು, ಅಡಿಯಲ್ಲಿ ತುಸು ಒತ್ತಿ, ಬಲಕ್ಕೆ ಏರುತ್ತ ಹಗುರಾಗಿ ಬಿಡಿ. ಅಡಿ ದಪ್ಪ, ಎರಡೂ ತುದಿ ಸಣ್ಣ. ನಿಧಾನಿಸಿದ ಕಡೆಯಲ್ಲೆಲ್ಲ ನೀರು ಇಳಿದು ಗೆರೆ ಗಂಟಾಗುತ್ತದೆ. ನಡುಗುವ ಕೈಗಿಂತ ಅನುಮಾನಿಸುವ ಕೈಯೇ ಹೆಚ್ಚು ಕೆಡಿಸುತ್ತದೆ. ಹಳೆ ತಟ್ಟೆಗಳನ್ನು ಹತ್ತಿರದಿಂದ ನೋಡಿ, ಎರಡು ಹುರುಪೆ ಒಂದೇ ಥರ ಇರುವುದಿಲ್ಲ. ಅವರು ಬೇಗ ಬೇಗ ಬರೆದಿದ್ದಾರೆ. ಹೊರಸಾಲಿನಿಂದ ಒಳಕ್ಕೆ ಬನ್ನಿ. ಎಡಗೈಯವರು ತಟ್ಟೆಯನ್ನು ಪ್ರದಕ್ಷಿಣೆಗೆ ತಿರುಗಿಸುತ್ತ ಹೋದರೆ ಬರೆದದ್ದರ ಮೇಲೆ ಕೈ ಹೋಗುವುದಿಲ್ಲ, ಬಲಗೈಯವರಿಗೆ ಅಪ್ರದಕ್ಷಿಣೆ.

ಎಲೆಗೆ ಒತ್ತಿ, ಎಳೆದು, ಎತ್ತುವ ಎರಡೇ ಬೀಸು: ಒಂದು ಅರ್ಧ ಎಡದಿಂದ, ಇನ್ನೊಂದು ಬಲದಿಂದ.

ನೀಲಿ ಗೆರೆಯೆಲ್ಲ ಮುಗಿದ ಮೇಲೆ ತೆಳುನೀಲಿ. ಪ್ರತಿ ಹುರುಪೆಯ ಬುಡದಲ್ಲಿ, ಅಂದರೆ ಹಿಂದಿನ ಸಾಲು ಅದರ ಮೇಲೆ ಹಾಯುವ ಕಡೆ, ಒಂದು ಸ್ಪರ್ಶ. ಅಷ್ಟರಿಂದಲೇ ಸಾಲುಗಳು ಒಂದರ ಮೇಲೊಂದು ಕೂತಂತೆ ಕಾಣತೊಡಗುತ್ತವೆ. ಆಮೇಲೆ ಹುರುಪೆಯ ತುದಿಗೆ ಹಳದಿ, ಹಳದಿಯ ನಡುವೆ ಒಂದು ಕಿತ್ತಳೆ ಗೀಟು. ಹಳದಿ ನೀಲಿ ಗೆರೆಯನ್ನು ಮುಟ್ಟದೆ ಕೂದಲೆಳೆಯಷ್ಟು ಬಿಳಿ ಬಿಡಲಿ. ಮೇಲೆ ಹಾದರೆ ನೀಲಿ ಕರಗಿ ಹಳದಿ ಕೊಳಕು ಹಸಿರಾಗುತ್ತದೆ. ಹೊರಪಟ್ಟಿಗೆ ಹಳದಿ, ಒಳಪಟ್ಟಿಗೆ ಕಿತ್ತಳೆ, ಚಕ್ರದ ಮೇಲಿಟ್ಟು ಒಂದೇ ಸುತ್ತಿಗೆ.

ಹಸಿರು ಕೊನೆಗೆ, ಎಲೆಗಳಿಗೆ ಮಾತ್ರ, ತೆಳುವಾಗಿ. ತಾಮ್ರದ ಹಸಿರು ಕರಗಿದಾಗ ಎಲ್ಲಕ್ಕಿಂತ ಹೆಚ್ಚು ಹರಿದಾಡುತ್ತದೆ, ಪಕ್ಕದ ಬಿಳಿಗೂ ಮಂಜಿನಂತೆ ಹರಡುತ್ತದೆ. ಕ್ರೋಮ್ ಇರುವ ಹಸಿರು ಸ್ಟೇನ್ ಹರಿಯುವುದಿಲ್ಲ ನಿಜ, ಆದರೆ ತವರದ ಬಿಳಿಯ ಹತ್ತಿರ ಕ್ರೋಮ್ ಬಂದರೆ ಸುತ್ತ ಗುಲಾಬಿ ಛಾಯೆ ಮೂಡುವ ಸಂಭವವಿದೆ. ಅದು ಕೊಳೆಯಲ್ಲ, ತವರ ಮತ್ತು ಕ್ರೋಮ್ ಸೇರಿ ಹುಟ್ಟುವ ಬಣ್ಣ. ಎಷ್ಟು ತೊಳೆದರೂ ಹೋಗದು.

ಬೊಟ್ಟು ಬಿದ್ದರೆ ಏನು ಮಾಡುವುದು? ಒರೆಸಬೇಡಿ. ಪೂರ್ತಿ ಒಣಗಲು ಬಿಟ್ಟು ಬ್ಲೇಡಿನ ಮೂಲೆಯಿಂದ ಮೇಲಿನ ಬಣ್ಣವನ್ನಷ್ಟೇ ಕೆರೆದು, ಕುಂಚದಿಂದ ಒಂದು ಹನಿ ಗ್ಲೇಜು ಇಟ್ಟು, ಒಣಗಿದ ಮೇಲೆ ತೀಡಿ ಸಮ ಮಾಡಿ. ಅಡ್ಡಪಟ್ಟಿಯ ಹತ್ತಿರವಿದ್ದರೆ ಅಲ್ಲೇ ಒಂದು ಚುಕ್ಕೆಸಾಲು ಸೇರಿಸಿ ಎಂಟೂ ಮನೆಗೆ ಅದನ್ನೇ ಬರೆಯುವುದು ಇನ್ನೂ ಸುಲಭ.

ಬಣ್ಣವೆಲ್ಲ ಒಣಗಿದ ಮೇಲೆ ಮೇಲಿಂದ ಪಾರದರ್ಶಕ ಗ್ಲೇಜನ್ನು ತೆಳುವಾಗಿ ಸಿಂಪಡಿಸುವ ರೂಢಿ ಇಟಲಿಯಲ್ಲಿ ಇತ್ತು, ಕೊಪೆರ್ತಾ ಎನ್ನುತ್ತಾರೆ. ಹೊಳಪು ಏರುತ್ತದೆ. ಸ್ಪ್ರೇ ಗನ್ ಮತ್ತು ಗಾಳಿ ಹೊರಹೋಗುವ ವ್ಯವಸ್ಥೆ ಇಲ್ಲದಿದ್ದರೆ ಬಿಟ್ಟುಬಿಡಿ. ದಪ್ಪವಾದರೆ ಗೆರೆಗಳೆಲ್ಲ ಈಜಿ ಹೋಗುತ್ತವೆ.

ಎರಡನೆಯ ಸುಡುವಿಕೆ

ತಟ್ಟೆಯನ್ನು ಮೂರು ಮೊನೆಯ ಸ್ಟಿಲ್ಟ್ (ಸುಡುವಾಗ ಪಾತ್ರೆಯನ್ನು ಎತ್ತಿ ಹಿಡಿಯುವ ಆಧಾರ) ಮೇಲಿಡಿ, ಪಕ್ಕದ ಪಾತ್ರೆಯಿಂದ 2 ಸೆಂ.ಮೀ. ದೂರವಿರಲಿ. 600 ಡಿಗ್ರಿವರೆಗೆ ಗಂಟೆಗೆ 100ರಂತೆ, ಆಮೇಲೆ ಗಂಟೆಗೆ 150ರಂತೆ 1040ಕ್ಕೆ ಏರಿಸಿ, ಅಲ್ಲಿ 15 ನಿಮಿಷ ನಿಲ್ಲಿಸಿ. ಮೊದಲ ಕೆಲವು ತಾಸು ಮುಚ್ಚಳ ಬೆರಳಗಲ ತೆರೆದಿದ್ದರೆ ಗೋಂದು ಮತ್ತು ಇದ್ದಿಲಿನ ಹೊಗೆ ಹೊರಹೋಗುತ್ತದೆ. ನಡುವೆ ಕರೆಂಟ್ ಹೋದರೆ ಮುಚ್ಚಳ ತೆಗೆಯದೆ ಕಾಯಿರಿ. ಗ್ಲೇಜು ಕರಗುವ ಮೊದಲೇ ಹೋಗಿದ್ದರೆ ಬಂದ ಮೇಲೆ ಮುಂದುವರಿಸಬಹುದು, ತಟ್ಟೆಗೆ ಏನೂ ಆಗುವುದಿಲ್ಲ. ತಣಿಯುವಾಗ 100 ಡಿಗ್ರಿಗೆ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ; ಆತುರದ ಬಿರುಕು ಟಿಣ್ ಎಂಬ ಸದ್ದಿನೊಂದಿಗೆ ಬರುತ್ತದೆ.

ತೆಗೆದ ಮೇಲೆ ನೀಲಿ ಕಪ್ಪಾಗಿ ಗುಳ್ಳೆ ಎದ್ದಿದ್ದರೆ ಬಣ್ಣ ದಪ್ಪವಾಗಿತ್ತು. ಹಳದಿ ಒರಟಾಗಿದ್ದರೆ ಫ್ರಿಟ್ ಸಾಲಲಿಲ್ಲ. ಎಲ್ಲ ಗೆರೆಗಳೂ ಮಸುಕಾಗಿ ಕೆಳಕ್ಕೆ ಜಾರಿದ್ದರೆ ಗ್ಲೇಜು ದಪ್ಪ ಅಥವಾ ಶಾಖ ಹೆಚ್ಚು. ಸೂಜಿ ಚುಚ್ಚಿ ಅಳೆದ ದಪ್ಪ ಬರೆದಿಟ್ಟಿದ್ದರೆ ಯಾವುದೆಂದು ಹೇಳಬಹುದು. ಮೇಲ್ಮೈ ಮಂಕಾಗಿ ಮೊಟ್ಟೆಯ ಚಿಪ್ಪಿನಂತಿದ್ದರೆ ಶಾಖ ಕಡಿಮೆಯಾಗಿದೆ, 10 ಡಿಗ್ರಿ ಏರಿಸಿ ಮತ್ತೆ ಸುಡಬಹುದು.

ಊಟಕ್ಕೆ ಬಳಸುವ ಯೋಚನೆಯಿದ್ದರೆ ಒಂದು ನಿಂಬೆ ಹೋಳನ್ನು ಚಿತ್ತಾರದ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬಣ್ಣ ಮಾಸಿದ್ದರೆ ಅದು ಗೋಡೆಗೇ ಸರಿ. ಮಾಸದಿದ್ದ ಮಾತ್ರಕ್ಕೆ ನಿರಪಾಯ ಎಂದಲ್ಲ. ಮಾರುವ ಪಾತ್ರೆಗಾದರೆ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು. ತಾಮ್ರದ ಹಸಿರನ್ನು ಊಟ ತಾಗುವ ಜಾಗಕ್ಕೆ ಹಾಕದಿರುವುದೇ ಕ್ಷೇಮ. ಹುಳಿಸಾರು, ಉಪ್ಪಿನಕಾಯಿ ಬಡಿಸಲು ಇದು ತಟ್ಟೆಯಲ್ಲ, ಮೈಕ್ರೋವೇವ್‌ಗೂ ಅಲ್ಲ.

ಮಾದರಿಗೆಂದು ಇಟಲಿಯ ತಟ್ಟೆ ಕೊಳ್ಳುವವರಿಗೆ: 1990ರ 188ನೇ ಸಂಖ್ಯೆಯ ಕಾನೂನು ಅಲ್ಲಿನ ಸಾಂಪ್ರದಾಯಿಕ ಕುಂಬಾರಿಕೆಯ ಊರುಗಳಿಗೆ ಗುರುತುಮುದ್ರೆಯ ರಕ್ಷಣೆ ಕೊಟ್ಟಿದೆ. ಹಿಂಬದಿಯಲ್ಲಿ ಊರು ಮತ್ತು ಕಾರ್ಯಾಗಾರದ ಹೆಸರನ್ನೂ, 'ದಿಪಿಂತೊ ಆ ಮಾನೊ', ಅಂದರೆ ಕೈಯಲ್ಲಿ ಬರೆದದ್ದು, ಎಂಬ ಬರಹವನ್ನೂ ಹುಡುಕಿ. ಬರಹವನ್ನೇ ನಂಬದೆ ಭೂತಗನ್ನಡಿ ಹಿಡಿಯಿರಿ. ಅಚ್ಚಿನ ಸ್ಟಿಕ್ಕರ್ ಅಂಟಿಸಿ ಸುಟ್ಟದ್ದಾದರೆ ಬಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ, ಎಂಟೂ ಮನೆಯ ಎಲೆಗಳು ಪಡಿಯಚ್ಚು. ಕೈಯದ್ದಾದರೆ ಗೆರೆಯ ಒಂದು ತುದಿಯಲ್ಲಿ ಬಣ್ಣ ಕೂಡಿಕೊಂಡು ಕಡುವಾಗಿ, ಇನ್ನೊಂದು ತುದಿಯಲ್ಲಿ ತಿಳಿಯಾಗಿರುತ್ತದೆ, ಉಂಗುರಗಳಲ್ಲಿ ಕುಂಚ ಎತ್ತಿದ ಕಡೆ ಎರಡು ಗೆರೆ ಒಂದರ ಮೇಲೊಂದು ಬಿದ್ದಿರುತ್ತವೆ.